ರಗಳೆಯ ನಾಡಿನಲ್ಲಿ ರ‍್ಯಾಪ್



ರ‍್ಯಾಪ್ ಎಂದೊಡನೆ ನನ್ನ ವಯಸ್ಸಿನ ಕನ್ನಡ ಮೇಷ್ಟರುಗಳು ಮೂಗು ಮುರಿಯುವುದುಂಟು. ‘ರಾಗವಿಲ್ಲ, ಭಾವವಿಲ್ಲ, ಬರಿಯ ಬಡಬಡಿಕೆ’ ಎಂಬುದು ಅವರ ಆಕ್ಷೇಪ. ಈಚೆಗೆ ನಿವೃತ್ತ ಗೆಳೆಯರೊಬ್ಬರು ‘ಇದು ಕನ್ನಡವನ್ನು ಕೆಡಿಸಲು ಬಂದ ಪಿಡುಗು’ ಎಂದರು. ನನ್ನ ಅಭಿಪ್ರಾಯ ಬೇರೆ. ರ‍್ಯಾಪಿನಿಂದ ಕನ್ನಡ ಕೆಡುವುದಿಲ್ಲ. ಆದರೆ ಕನ್ನಡದ ರ‍್ಯಾಪು ಕನ್ನಡದ ಬಲವನ್ನು ಇನ್ನೂ ಸಾಕಷ್ಟು ಬಳಸಿಕೊಂಡಿಲ್ಲ.

ಈ ಪ್ರಕಾರ ನಮ್ಮ ದೇಶದಲ್ಲಿ ಮನೆಮಾತಾದದ್ದು 1992ರಲ್ಲಿ, ಬಾಬಾ ಸೆಹಗಲ್ ಅವರ ‘ಠಂಡಾ ಠಂಡಾ ಪಾನಿ’ ಎಂಬ ಹಿಂದಿ ಆಲ್ಬಮ್ಮಿನಿಂದ. ಅದಕ್ಕೆ ಹಿಂದಿನ ವರ್ಷವಷ್ಟೇ ಎಂಟಿವಿ ಸ್ಟಾರ್ ವಾಹಿನಿಗಳ ಜೊತೆ ಭಾರತಕ್ಕೆ ಬಂದಿತ್ತು. ಸಿನಿಮಾದ ಹಂಗಿಲ್ಲದೆ ಒಬ್ಬನೇ ಹಾಡುಗಾರ, ತಮಾಷೆಯ ಮಾತನ್ನು ತಾಳಕ್ಕೆ ಕೂರಿಸಿ, ಕ್ಯಾಸೆಟ್ಟಿನ ಮೂಲಕ ಹಳ್ಳಿ ಹಳ್ಳಿಯನ್ನು ತಲುಪಬಲ್ಲ ಎಂಬುದನ್ನು ಅದು ತೋರಿಸಿತು. ಆ ಶ್ರೇಯಸ್ಸು ಸೆಹಗಲ್ ಅವರಿಗೆ ಸಲ್ಲಲೇಬೇಕು.

ಆದರೆ ಶೀರ್ಷಿಕೆಯ ಹಾಡಿನ ವಂಶಾವಳಿಯನ್ನು ಒಮ್ಮೆ ನೋಡಿ. ಅದು ಅಮೆರಿಕದ ವೆನಿಲ್ಲಾ ಐಸ್ ಅವರ ‘ಐಸ್ ಐಸ್ ಬೇಬಿ’ಯ ಅನುಕರಣೆ. 1990ರಲ್ಲಿ ಅಲ್ಲಿನ ಬಿಲ್‌ಬೋರ್ಡ್ ಪಟ್ಟಿಯ ಮೊದಲ ಸ್ಥಾನಕ್ಕೇರಿದ ಮೊದಲ ರ‍್ಯಾಪ್ ಹಾಡು ಅದು. ಅದರ ಬೇಸ್ ಗಿಟಾರಿನ ಎಳೆಯಾದರೋ 1981ರಲ್ಲಿ ಕ್ವೀನ್ ತಂಡ ಮತ್ತು ಡೇವಿಡ್ ಬೋವಿ ಸೇರಿ ಹಾಡಿದ ‘ಅಂಡರ್ ಪ್ರೆಷರ್’ನಿಂದ ಬಂದದ್ದು. ಹೀಗೆ ನಮ್ಮನ್ನು ಮುಟ್ಟಿದ್ದು ನಕಲಿನ ನಕಲು. ತಾಳ ಬಂತು, ವೇಷ ಬಂತು. ರ‍್ಯಾಪಿನ ಹುರುಳು ಅಷ್ಟಾಗಿ ಬರಲಿಲ್ಲ.

ಆ ಹುರುಳು ಯಾವುದೆಂದು ತಿಳಿಯಬೇಕಾದರೆ ಅದೇ ದಶಕದ ಇನ್ನೊಂದು ಆಲ್ಬಮ್ಮನ್ನು ನೋಡಬೇಕು. 1994ರಲ್ಲಿ ಬಂದ ‘ಇಲ್‌ಮ್ಯಾಟಿಕ್’ ಅದು. ಹಾಡಿದ ನಾಸ್ ಎಂಬ ಕಪ್ಪು ತರುಣನಿಗೆ ಆಗ ಇಪ್ಪತ್ತು ವರ್ಷ. ಎಂಟನೆಯ ತರಗತಿಗೇ ಶಾಲೆ ಬಿಟ್ಟವನು. ನ್ಯೂಯಾರ್ಕಿನ ಕ್ವೀನ್ಸ್‌ಬ್ರಿಜ್ ಎಂಬ ಸರ್ಕಾರಿ ವಸತಿ ಸಮುಚ್ಚಯದಲ್ಲಿ ಬೆಳೆದು, ಅಲ್ಲಿನ ಓಣಿ, ಸೆರೆಮನೆಗೆ ಹೋದ ಗೆಳೆಯರು, ಭಯ, ಆಸೆ ಇವನ್ನೇ ವಸ್ತುವಾಗಿಸಿಕೊಂಡನು. ಇಂದು ಆ ಆಲ್ಬಮ್ಮನ್ನು ವಿಶ್ವವಿದ್ಯಾಲಯಗಳಲ್ಲಿ ಅಭ್ಯಾಸ ಮಾಡುತ್ತಾರೆ. ತನ್ನ ಬೀದಿಯ ಹೆಸರನ್ನು, ತನ್ನ ಬೀದಿಯ ನುಡಿಯಲ್ಲಿ, ಲಯ ತಪ್ಪದಂತೆ ಹೇಳುವುದೇ ರ‍್ಯಾಪಿನ ತಿರುಳು. ಇದರಲ್ಲಿ ಕನ್ನಡಕ್ಕೆ ಪರಕೀಯವಾದದ್ದು ಏನಿದೆ?

ಛಂದಸ್ಸಿನ ಮಾತಿಗೇ ಬರೋಣ. ಹರಿಹರ ಕವಿಯ ರಗಳೆಗಳನ್ನು ನಾವೆಲ್ಲ ಪಾಠ ಮಾಡಿದ್ದೇವೆ. ಮಂದಾನಿಲ ರಗಳೆಯಲ್ಲಿ ಸಾಮಾನ್ಯವಾಗಿ ಸಾಲಿಗೆ ನಾಲ್ಕು ಮಾತ್ರೆಯ ನಾಲ್ಕು ಗಣ. ಒಟ್ಟು ಹದಿನಾರು ಮಾತ್ರೆ. ರ‍್ಯಾಪಿನ ಒಂದು ಸಾಲಿಗೂ ನಾಲ್ಕೇ ಪೆಟ್ಟು. ಪ್ರತಿ ಪೆಟ್ಟನ್ನು ನಾಲ್ಕಾಗಿ ಒಡೆದರೆ ಅಲ್ಲಿಯೂ ಹದಿನಾರು. ಎಂಟು ಶತಮಾನಗಳ ಹಿಂದೆಯೇ ನಮ್ಮಲ್ಲಿ ಈ ಅಚ್ಚು ಸಿದ್ಧವಾಗಿತ್ತು. ಕ್ಯಾಸೆಟ್ಟಿನ ಕಾಲದಲ್ಲಿ ಗುರುರಾಜುಲು ನಾಯ್ಡು ಅವರ ಹರಿಕಥೆಯನ್ನೂ, ಮಾಸ್ಟರ್ ಹಿರಣ್ಣಯ್ಯನವರ ‘ಲಂಚಾವತಾರ’ದ ಮಾತಿನ ಭರಾಟೆಯನ್ನೂ ಬಾಯಿ ಬಿಟ್ಟುಕೊಂಡು ಕೇಳಿದವರು ‘ಮಾತು ಸಂಗೀತವಾಗದು’ ಎಂದು ಹೇಗೆ ವಾದಿಸಿಯಾರು?

ಇದು ಬರಿಯ ತರ್ಕವಲ್ಲ. ತೊಂಬತ್ತರ ದಶಕದಲ್ಲಿ ನನ್ನ ತರಗತಿಯಲ್ಲೊಬ್ಬ ಹುಡುಗನಿದ್ದ. ಬೋರ್ಡಿನ ಮೇಲೆ ಪ್ರಸ್ತಾರ ಹಾಕೆಂದರೆ ಗುರು ಲಘು ತಿಳಿಯದೆ ಬೆವರುತ್ತಿದ್ದ. ಊಟದ ಬಿಡುವಿನಲ್ಲಿ ಮಾತ್ರ ಬೆಂಚು ಬಡಿಯುತ್ತ, ಅರ್ಥವಾಗದ ಹಿಂದಿಯಲ್ಲೇ ಸೆಹಗಲ್ ಹಾಡನ್ನು ಒಂದು ಪೆಟ್ಟೂ ತಪ್ಪದಂತೆ ಒಪ್ಪಿಸುತ್ತಿದ್ದ. ಅದೇ ಬೆಂಚಿನ ತಾಳಕ್ಕೆ ರಗಳೆಯ ಸಾಲನ್ನು ಓದಿಸಿದೆ. ಗಣ ಎಲ್ಲಿ ಮುರಿಯುತ್ತದೆಂದು ಅವನೇ ಹೇಳಿದ. ಛಂದಸ್ಸು ಕಿವಿಯ ವಿದ್ಯೆ. ನಮ್ಮ ಪರೀಕ್ಷಾ ಪದ್ಧತಿ ಅದನ್ನು ನಾಲ್ಕು ಅಂಕದ, ಕಣ್ಣಿನ ವಿದ್ಯೆಯನ್ನಾಗಿಸಿದೆ.

ಇನ್ನು ಕನ್ನಡದ ರ‍್ಯಾಪರ್ ತರುಣರಿಗೆ ಎರಡು ಮಾತು. ಮೊದಲನೆಯದು ಪ್ರಾಸದ್ದು. ಇಂಗ್ಲಿಷಿನ ದಾರಿ ಹಿಡಿದು ನೀವು ಹೆಚ್ಚಾಗಿ ಅಂತ್ಯಪ್ರಾಸವನ್ನೇ ನೆಚ್ಚಿದ್ದೀರಿ. ಕನ್ನಡದಲ್ಲಿ ಕ್ರಿಯಾಪದ ವಾಕ್ಯದ ಕೊನೆಗೆ ಬರುವುದರಿಂದ ‘ಬಂದನು, ನಿಂದನು, ತಿಂದನು’ ಎಂದು ಪ್ರಾಸ ತಾನಾಗಿಯೇ ಉದುರುತ್ತದೆ. ಸುಲಭವಾಗಿ ಸಿಕ್ಕಿದ್ದಕ್ಕೆ ಬೆಲೆ ಕಡಿಮೆ. ನಮ್ಮ ಪೂರ್ವಿಕರು ಅದನ್ನರಿತೇ ಸಾಲಿನ ಎರಡನೆಯ ಅಕ್ಷರದಲ್ಲಿ ಪ್ರಾಸವನ್ನಿಟ್ಟರು. ಅದನ್ನು ಸಿಂಹ, ಗಜ, ವೃಷಭ ಮೊದಲಾಗಿ ಆರು ಬಗೆ ಮಾಡಿದರು. ಮಳೆ, ಕಳೆ, ಬೆಳೆ, ಇಳೆ ಎಂಬ ಮಾತುಗಳಿಂದ ನಾಲ್ಕು ಸಾಲುಗಳನ್ನು ಆರಂಭಿಸಿ ನೋಡಿ. ಕಾಲ, ಸಾಲ, ಕೂಲಿ ಎಂದು ತೊಡಗಿ ನೋಡಿ. ಪೆಟ್ಟು ಸಾಲಿನ ಮೊದಲಿಗೇ ಬೀಳುತ್ತದೆ.

ಎರಡನೆಯದು ವಸ್ತುವಿನದು. ನಮ್ಮ ಹಾಸನ ಜಿಲ್ಲೆಯವರೇ ಆದ ಚಂದನ್ ಶೆಟ್ಟಿ ಅವರ ‘3 ಪೆಗ್’ 2016ರಲ್ಲಿ ನಾಡೆಲ್ಲ ಮೊಳಗಿತು. ಅವರ ಪ್ರತಿಭೆಯ ಬಗ್ಗೆ ನನಗೆ ತಕರಾರಿಲ್ಲ. ಆದರೆ ಮದ್ಯದ ಬಟ್ಟಲಿಗೆ ಊರಿಲ್ಲ. ಆ ಹಾಡು ಎಲ್ಲಿಯದಾದರೂ ಆಗಬಹುದು. ನಮ್ಮ ದೊಡ್ಡಗದ್ದವಳ್ಳಿಯನ್ನೇ ತೆಗೆದುಕೊಳ್ಳಿ. ಕುಲ್ಲಹಣ ರಾಹುತನೆಂಬ ವರ್ತಕನೂ ಅವನ ಮಡದಿ ಸಹಜಾದೇವಿಯೂ ಹನ್ನೆರಡನೆಯ ಶತಮಾನದಲ್ಲಿ ಕಟ್ಟಿಸಿದ ಲಕ್ಷ್ಮೀದೇವಿ ಗುಡಿ ಇಲ್ಲಿದೆ. ಸುತ್ತಲಿನ ಸೀಮೆಯಲ್ಲಿ ಅಂಗಮಾರಿ ರೋಗಕ್ಕೆ ಕರಗಿದ ಆಲೂಗೆಡ್ಡೆಯ ಹೊಲಗಳಿವೆ. ಬೆಂಗಳೂರಿನ ಬಸ್ಸು ಹತ್ತಿದ ಮಕ್ಕಳ ಖಾಲಿ ಜಗುಲಿಗಳಿವೆ. ಕ್ವೀನ್ಸ್‌ಬ್ರಿಜ್‌ಗೆ ಒಬ್ಬ ನಾಸ್ ದೊರೆತಂತೆ ಈ ಜಗುಲಿಗಳಿಗೂ ಒಬ್ಬ ದೊರೆಯಬಾರದೆ?

ಹಾಸನದ ಮಾರುಕಟ್ಟೆಗೆ ಬಿತ್ತನೆ ಆಲೂಗೆಡ್ಡೆ ಬರುವುದು ದೂರದ ಪಂಜಾಬಿನ ಜಲಂಧರಿನಿಂದ. ಅದಕ್ಕಾಗಿ ಯಾವ ರೈತನೂ ನಾಚುವುದಿಲ್ಲ. ಗೆಡ್ಡೆಯನ್ನು ಕಣ್ಣು ಕಣ್ಣಾಗಿ ಕತ್ತರಿಸಿ ನಮ್ಮ ಕೆಂಪು ಮಣ್ಣಿಗೆ ಹಾಕುತ್ತಾನೆ, ಬೆಳೆಯನ್ನು ನಮ್ಮದೆನ್ನುತ್ತಾನೆ. ರ‍್ಯಾಪಿನ ಬೀಜ ನ್ಯೂಯಾರ್ಕಿನಿಂದ ಬಂದರೆ ಬರಲಿ.

ಸೇವೆಯಲ್ಲಿರುವ ಕನ್ನಡ ಅಧ್ಯಾಪಕ ಬಂಧುಗಳಲ್ಲಿ ನನ್ನ ವಿನಂತಿ ಇಷ್ಟೇ: ಈ ವರ್ಷ ರಗಳೆಯ ಪಾಠ ಬಂದಾಗ, ಪ್ರಸ್ತಾರಕ್ಕೆ ಮೊದಲು ಬೆಂಚು ಬಡಿಯಲು ಮಕ್ಕಳಿಗೆ ಅಪ್ಪಣೆ ಕೊಡಿ. ಆಮೇಲೆ ತಮ್ಮ ಊರಿನ ಮೇಲೆ ಹದಿನಾರು ಸಾಲು ಬರೆಯಲು ಹೇಳಿ. ಪಕ್ಕದ ತರಗತಿಯವರು ಗಲಾಟೆಯೆಂದು ದೂರಿದರೆ, ಛಂದಸ್ಸಿನ ಪಾಠ ನಡೆಯುತ್ತಿದೆಯೆಂದು ಧೈರ್ಯವಾಗಿ ಉತ್ತರ ಕೊಡಿ.