ಹಳೆ ಬಣ್ಣ ಕೆರೆಯುವ ಮುನ್ನ

ಚೌತಿ, ದೀಪಾವಳಿ ಸಮೀಪಿಸುತ್ತಿದ್ದಂತೆ ಮುಂಬಯಿಯ ಹಳೆಯ ಚಾಳು, ಹೌಸಿಂಗ್ ಸೊಸೈಟಿಗಳಲ್ಲಿ ಬಣ್ಣ ಬಳಿಯುವ ಭರಾಟೆ ಆರಂಭವಾಗುತ್ತದೆ. ಬಾಗಿಲು, ಕಿಟಕಿ, ಗ್ರಿಲ್‌ಗಳ ಹಳೆ ಬಣ್ಣವನ್ನು ಪಾಲಿಶ್ ಕಾಗದದಿಂದ ಉಜ್ಜಿ ತೆಗೆಯುವುದೇ ಮೊದಲ ಕೆಲಸ. ಆ ಧೂಳು ನೆಲ, ಹಾಸಿಗೆ, ಪಾತ್ರೆಗಳ ಮೇಲೆ ಕೂರುತ್ತದೆ. ಅದೇ ಕೋಣೆಯಲ್ಲಿ ಮಗು ಅಂಬೆಗಾಲಿಡುತ್ತಿರುತ್ತದೆ. ಧೂಳಿನಲ್ಲಿ ಸೀಸ ಇರಬಹುದೆಂಬ ಅರಿವು ಬಹುತೇಕ ಮನೆಗಳಲ್ಲಿ ಇಲ್ಲದಿರುವುದು ಆತಂಕದ ಸಂಗತಿ.

ಬಣ್ಣ ಬೇಗ ಒಣಗಲು, ಗಾಢವಾಗಿ ಕಾಣಲು ಎನಾಮೆಲ್‌ಗೆ ಸೀಸದ ಸಂಯುಕ್ತ ಬೆರೆಸುವ ರೂಢಿ ದಶಕಗಳ ಕಾಲ ಇತ್ತು. ಅಮೆರಿಕ 1978ರಲ್ಲೇ ಮನೆಗಳಿಗೆ ಇಂಥ ಬಣ್ಣವನ್ನು ನಿಷೇಧಿಸಿತು. ಭಾರತದಲ್ಲಿ ಪೆಟ್ರೋಲಿನ ಸೀಸ 2000ದಲ್ಲಿ ತೊಲಗಿತಾದರೂ, ಮನೆ ಬಣ್ಣಕ್ಕೆ 90 ಪಿಪಿಎಂ ಎಂಬ ಕಡ್ಡಾಯ ಮಿತಿ ಜಾರಿಗೆ ಬಂದದ್ದು 2017ರ ನವೆಂಬರ್ 1ರಿಂದ. ಈ ನಿಯಮ ಹೊಸ ಡಬ್ಬಿಗೆ ಅನ್ವಯ, ಬಾಗಿಲ ಮೇಲಿನ ಹಳೆ ಪದರಕ್ಕಲ್ಲ.

ಸೀಸಕ್ಕೆ ಸುರಕ್ಷಿತ ಮಟ್ಟವೆಂಬುದೇ ಗೊತ್ತಿಲ್ಲ ಎಂದು ವಿಶ್ವ ಆರೋಗ್ಯ ಸಂಸ್ಥೆ ಸ್ಪಷ್ಟವಾಗಿ ಹೇಳಿದೆ. ಆರು ವರ್ಷದೊಳಗಿನ ಮಕ್ಕಳ ಮಿದುಳಿಗೆ ಅಪಾಯ ಹೆಚ್ಚು. ಬುದ್ಧಿಶಕ್ತಿ, ಏಕಾಗ್ರತೆ ಕುಂದುತ್ತದೆ, ಆದರೆ ಹೊರಗೆ ಲಕ್ಷಣ ಕಾಣದು. ಶಾಲೆಯಲ್ಲಿ ಹಿಂದುಳಿದ ಮಗುವಿಗೆ ಬೈಗುಳವಷ್ಟೇ ಸಿಗುತ್ತದೆ.

ಗುರುತಿಸುವುದು ಹೇಗೆ? 2017ಕ್ಕೂ ಹಿಂದಿನ ಎಣ್ಣೆ ಬಣ್ಣವೆಲ್ಲ ಸಂಶಯಾಸ್ಪದ. ಅದರಲ್ಲೂ ಹಳದಿ, ಕೆಂಪು, ಕಿತ್ತಳೆ. ಮೊಸಳೆ ಚರ್ಮದಂತೆ ಬಿರುಕು ಬಿಟ್ಟ, ಮಳೆಗಾಲದ ತೇವಕ್ಕೆ ಹಪ್ಪಳದಂತೆ ಏಳುವ, ತೆರೆದು ಮುಚ್ಚುವಾಗ ಉಜ್ಜುವ ಕಿಟಕಿ ಚೌಕಟ್ಟಿನ ಬಣ್ಣವನ್ನು ಮೊದಲು ನೋಡಬೇಕು. ಖಚಿತವಾಗಿ ಹೇಳಬಲ್ಲದ್ದು ಪ್ರಯೋಗಾಲಯದ ಪರೀಕ್ಷೆ ಮಾತ್ರ. ಗಟ್ಟಿಯಾಗಿರುವ ಪದರವನ್ನು ಕೆದಕದೆ ಅದರ ಮೇಲೆಯೇ ಹೊಸ ಬಣ್ಣ ಬಳಿಯುವುದು ಲೇಸು. ಕೆರೆಯಲೇಬೇಕಾದರೆ ನೀರು ಚಿಮುಕಿಸಿ ಕೆರೆಯಬೇಕು. ಬೆಂಕಿಯಿಂದ ಸುಡಬಾರದು. ಪೊರಕೆಯಿಂದ ಗುಡಿಸದೆ ಒದ್ದೆ ಬಟ್ಟೆಯಿಂದ ಒರೆಸಬೇಕು. ಮಕ್ಕಳು, ಗರ್ಭಿಣಿಯರು ಕೆಲಸ ಮುಗಿಯುವವರೆಗೆ ಬೇರೆಡೆ ಇರುವುದು ಒಳಿತು. ದಿನವಿಡೀ ಧೂಳು ಕುಡಿಯುವ ಪೇಂಟರ್‌ಗೂ ತಕ್ಕ ಮುಖಕವಚ ಬೇಕು.

ಸೀಸದ ವಿಷ ತಡೆಯುವ ಕುರಿತು 1999ರಲ್ಲಿ ಅಂತಾರಾಷ್ಟ್ರೀಯ ಸಮ್ಮೇಳನ ನಡೆದದ್ದು ಬೆಂಗಳೂರಿನಲ್ಲೇ. ಆ ಎಚ್ಚರ ಹೊರನಾಡಿನ ಕನ್ನಡಿಗರ ಮನೆ ಬಾಗಿಲಿಗೂ ತಲುಪಬೇಕಿದೆ. ಕನ್ನಡ ಸಂಘಗಳು ವರ್ಷವೂ ಆರೋಗ್ಯ ಶಿಬಿರ ನಡೆಸುತ್ತವೆ. ಸಕ್ಕರೆ, ರಕ್ತದೊತ್ತಡದ ತಪಾಸಣೆಯ ಜತೆಗೆ ಮಕ್ಕಳ ರಕ್ತದಲ್ಲಿನ ಸೀಸದ ಪರೀಕ್ಷೆಗೂ ವ್ಯವಸ್ಥೆ ಮಾಡಬಹುದು. ಸೊಸೈಟಿ ಸಮಿತಿಗಳಲ್ಲಿರುವ ಸದಸ್ಯರು ಬಣ್ಣದ ಗುತ್ತಿಗೆಯಲ್ಲೇ ಒದ್ದೆ ಉಜ್ಜುವಿಕೆಯ ಷರತ್ತು ಸೇರಿಸಬಹುದು. ಖರ್ಚು ಅಲ್ಪ. ಹಬ್ಬಕ್ಕೆ ಮನೆ ಹೊಳೆಯಲಿ, ಆದರೆ ಅದರ ಬೆಲೆಯನ್ನು ಮನೆಯ ಮಗು ತೆರುವಂತಾಗಬಾರದು.