ಹೊಸದಾಗಿ ಜೋಡಿಸಿದ ಎಂಜಿನ್ನಿನ ಸದ್ದು

ರಬಕವಿ-ಬನಹಟ್ಟಿಯ ನೇಕಾರನು ಮಗ್ಗದ ಸದ್ದು ಬದಲಾದೊಡನೆ ಅದನ್ನು ನಿಲ್ಲಿಸಿ ನೋಡುತ್ತಾನೆ. ಆದರೆ ಬಿಚ್ಚಿ ಮರಳಿ ಜೋಡಿಸಿದ ಕಾರಿನ ಎಂಜಿನ್ ಬಡಿಯತೊಡಗಿದರೆ, 'ನಾಲ್ಕು ದಿನ ಓಡಲಿ, ತಾನೇ ಸರಿಹೋಗುತ್ತದೆ' ಎಂಬ ಸಮಾಧಾನವನ್ನು ಜಮಖಂಡಿ, ಮುಧೋಳ, ಬೀಳಗಿಗಳಲ್ಲಿಯೂ ಕೇಳುತ್ತೇವೆ. ಈ ಸಮಾಧಾನವು ಅಪಾಯಕರವೆಂದೇ ನಮ್ಮ ಅಭಿಪ್ರಾಯ.

ಮೊದಲು ಎಣ್ಣೆಯ ಒತ್ತಡವನ್ನು ಅಳೆಯಬೇಕು; ಅದು ಕಡಿಮೆಯಿದ್ದರೆ ಎಂಜಿನ್ನನ್ನು ಒಡನೆಯೇ ನಿಲ್ಲಿಸಬೇಕು. ಒತ್ತಡವು ಸರಿಯಿದ್ದರೆ ಸದ್ದಿನ ಲಯವನ್ನು ಗಮನಿಸಬೇಕು. ನಾಲ್ಕು ಸ್ಟ್ರೋಕಿನ ಎಂಜಿನ್ನಿನಲ್ಲಿ ಕ್ರ್ಯಾಂಕ್ ದಂಡವು ಎರಡು ಸುತ್ತು ತಿರುಗುವಷ್ಟರಲ್ಲಿ ಕ್ಯಾಮ್ ದಂಡವು ಒಂದೇ ಸುತ್ತು ತಿರುಗುತ್ತದೆ. ನಿಮಿಷಕ್ಕೆ 600 ಸುತ್ತಿನ ವೇಗದಲ್ಲಿ, ಸೆಕೆಂಡಿಗೆ 5 ಸಲ ಮೇಲುಗಡೆ ಕೇಳುವ ಸಣ್ಣ ಟಿಕ್‌ಟಿಕ್ ಸಾಮಾನ್ಯವಾಗಿ ಒಂದು ವಾಲ್ವಿನದು. ಹೊಂದಾಣಿಕೆಯಿಂದ ಅದು ನಿಲ್ಲಬಹುದು. ಸೆಕೆಂಡಿಗೆ 10 ಸಲ ಕೆಳಗಿನಿಂದ ಕೇಳುವ ಭಾರವಾದ ಬಡಿತವಾದರೆ ಬೇರಿಂಗನ್ನು ಶಂಕಿಸಬೇಕು. ಎಂಜಿನ್ನನ್ನು ನಿಲ್ಲಿಸಿ, ಒಂದು ಸಿಲಿಂಡರಿನ ಉರಿಯನ್ನು ತಪ್ಪಿಸಿ ಮತ್ತೆ ನಡೆಸಿದಾಗ ಬಡಿತವು ತಗ್ಗಿದರೆ, ದೋಷವು ಅಲ್ಲಿಯೇ ಇರುವ ಸಂಭವ ಹೆಚ್ಚು.

ಬೇರಿಂಗಿನ ತೆರಪು ಮಿಲಿಮೀಟರಿನ ನೂರರಲ್ಲಿ ಕೆಲವೇ ಭಾಗಗಳಷ್ಟು. ಸವೆದಂತೆ ಅದು ಹಿಗ್ಗುವುದೇ ಹೊರತು ಕುಗ್ಗದು. ಇಂದು ಒಂದು ಬೇರಿಂಗಿನಿಂದ ತೀರುವ ಕೆಲಸವು ನಾಳೆ ಕ್ರ್ಯಾಂಕ್ ದಂಡವನ್ನೇ ಬಲಿಗೊಂಡೀತು. ವಿದ್ಯಾರ್ಥಿಗಳೇ, ಆಲಿಸಿ, ಎಣಿಸಿ, ಅಳೆದು, ಆ ಬಳಿಕ ಬಿಚ್ಚುವುದೇ ವಿಜ್ಞಾನದ ರೀತಿ.