ಪಾರ್ಸಿಕ್ ಬೆಟ್ಟದಿಂದ ಕಾಣುವ ಸಾಷ್ಟಿ

ಮುಂಬಯಿಯ ಉಪನಗರಗಳನ್ನೂ ಠಾಣೆ ನಗರದ ಬಹುಭಾಗವನ್ನೂ ಹೊತ್ತಿರುವ ಸಾಷ್ಟಿಯು ದ್ವೀಪವೆಂಬುದು ಸೇತುವೆಗಳ ಮೇಲೆ ದಿನನಿತ್ಯ ಓಡಾಡುವವರಿಗೆ ಮರೆತೇಹೋಗಿದ್ದರೂ, ಮುಂಬ್ರಾದಿಂದ ಬೇಲಾಪುರದತ್ತ ಚಾಚಿರುವ ಪಾರ್ಸಿಕ್ ಬೆಟ್ಟಸಾಲನ್ನೇರಿ ಪಶ್ಚಿಮಕ್ಕೆ ಕ್ಯಾಮೆರಾ ತಿರುಗಿಸಿದವರಿಗೆ ಠಾಣೆ ಖಾಡಿ, ಅಂದರೆ ಉಬ್ಬರದ ನೀರು ನೆಲದೊಳಕ್ಕೆ ನುಗ್ಗುವ ಉಪ್ಪುನೀರಿನ ಕವಲು, ಆ ಸತ್ಯವನ್ನು ಸ್ಪಷ್ಟವಾಗಿ ತೋರಿಸುತ್ತದೆ. ಬೆಳಗಿನ ಸೂರ್ಯ ಛಾಯಾಗ್ರಾಹಕನ ಬೆನ್ನಿಗಿದ್ದು ಎದುರಿನ ಯೇವೂರು ಬೆಟ್ಟಗಳ ಮಡಿಕೆಗಳನ್ನು ಬೆಳಗುತ್ತಾನೆ; ಸಂಜೆಯಾದರೆ ಅವೇ ಬೆಟ್ಟಗಳು ಬರಿಯ ಕಪ್ಪು ರೇಖೆಗಳಾಗುತ್ತವೆ. ತೇವ ಮತ್ತು ದೂಳಿನ ಕಣಗಳು ಬೆಳಕನ್ನು ಚದುರಿಸುವುದರಿಂದ ದೂರದ ದೃಶ್ಯ ಮಸುಕಾಗುತ್ತದೆ. ಇಂಥಲ್ಲಿ ಹಲವರು ನೆಚ್ಚುವ ಪೋಲರೈಸರ್, ಅಂದರೆ ಒಂದೇ ದಿಕ್ಕಿನಲ್ಲಿ ಕಂಪಿಸುವ ಬೆಳಕನ್ನಷ್ಟೇ ಒಳಬಿಡುವ ಸೋಸುಗಾಜು, ಸೂರ್ಯ ನೇರ ಬೆನ್ನಿಗಿರುವಾಗ ಹೆಚ್ಚು ಉಪಕರಿಸದು, ಮಳೆ ಗಾಳಿಯನ್ನು ತೊಳೆದ ಮರುಗಳಿಗೆಯೇ ಮೇಲು. ಉಬ್ಬರದಲ್ಲಿ ನೀರು ಅಗಲವಾಗಿ ಹರಡಿ ದ್ವೀಪದ ಅಂಚು ಎದ್ದು ಕಾಣುತ್ತದೆಂಬುದು ನಿಜ, ಆದರೆ ಇಳಿತದಲ್ಲಿ ತೆರೆದುಕೊಳ್ಳುವ ಕೆಸರುಬಯಲನ್ನು ಬಿಟ್ಟ ಚಿತ್ರ ಅಪೂರ್ಣ, ಏಕೆಂದರೆ ಚಳಿಗಾಲದ ರಾಜಹಂಸಗಳಿಗೆ, ಅಂದರೆ ಫ್ಲೆಮಿಂಗೊಗಳಿಗೆ, ಮೇವು ಸಿಗುವುದೂ ಈ ಖಾಡಿಗೆ 2022ರಲ್ಲಿ ಅಂತರರಾಷ್ಟ್ರೀಯ ಮಹತ್ವದ ರಾಮ್‌ಸಾರ್ ಜೌಗುಪ್ರದೇಶದ ಮನ್ನಣೆ ದೊರೆತುದರ ಹಿಂದಿರುವುದೂ ಕಾಂಡ್ಲಾ, ಅಂದರೆ ಮ್ಯಾಂಗ್ರೋವ್, ಕಾಡಿನ ಅಂಚಿನ ಆ ಕೆಸರಿನ ಜೀವಸಂಪತ್ತೇ.